ಬಿಜ್ಜು ಹಣ್ಣು ತಿಂತದಾ ಮಿಸ್?

ಬಿ.ಎಡ್. ಎರಡನೇ ವರ್ಷದ ಇಂಟರ್ನ್‌ಷಿಪ್‌ಗೆ ನನಗೆ ಸಿಕ್ಕಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯ ಒಂದು ಪ್ರೌಢಶಾಲೆ. ನಾನು ಹೋಗುವ ಹೊತ್ತಿಗೆ ಎಂಟನೇ ತರಗತಿಯ ವಿಜ್ಞಾನದ ಪಾಠಗಳು ಮುಗಿದು ಪುನರಾವರ್ತನೆ ನಡೆಯುತ್ತಿತ್ತು. ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’ ಪಾಠದಲ್ಲಿ ವಲಸೆ ಹಕ್ಕಿಗಳ ಬಗ್ಗೆ ಒಂದು ಚಿಕ್ಕ ಭಾಗವಿದೆ. ವಲಸೆ ಎಂದರೇನು ಎಂದು ಕೇಳಿದೆ. ಇಡೀ ತರಗತಿ ಒಂದೇ ರಾಗದಲ್ಲಿ ವ್ಯಾಖ್ಯೆ ಒಪ್ಪಿಸಿತು. ನೀವು ನೋಡಿರುವ ಒಂದು ವಲಸೆ ಹಕ್ಕಿಯ ಹೆಸರು ಹೇಳಿ ಎಂದೆ. “ಸೈಬೀರಿಯನ್ ಕೊಕ್ಕರೆ” ಎಂದರು. ಆ ಹಕ್ಕಿ ಭಾರತಕ್ಕೆ ಬರುತ್ತಿದ್ದ ಕಾಲದಲ್ಲೂ ಬರುತ್ತಿದ್ದದ್ದು ದೂರದ ರಾಜಸ್ಥಾನದ ಭರತಪುರಕ್ಕೆ. ಅಲ್ಲಿಯೂ 2002ರ ನಂತರ ಅದು ಕಂಡಿಲ್ಲ. ಈ ಮಕ್ಕಳು ಹುಟ್ಟುವ ಮೊದಲೇ ಬರುವುದನ್ನು ಬಿಟ್ಟ ಹಕ್ಕಿಯನ್ನು ಅವರು ‘ನೋಡಿ’ದ್ದರು. ಶಾಲೆಯ ಹಿಂದಿನ ವಿದ್ಯುತ್ ತಂತಿಯ ಮೇಲೆ ಅದೇ ಹೊತ್ತಿಗೆ ಸಾಲಾಗಿ ಕೂತಿದ್ದ ಕವಲುಬಾಲದ ಅಂಬರಗುಬ್ಬಿಗಳು ಯಾರ ಉತ್ತರದಲ್ಲೂ ಬರಲಿಲ್ಲ.

ಅದೇ ಸಂಜೆ ನಾನು ಯೋಜನೆ ಬರೆದೆ. ಫೆಬ್ರವರಿ ಮಧ್ಯದಿಂದ ನಾಲ್ಕು ಶನಿವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ಹಕ್ಕಿ ನೋಡುವ ನಡಿಗೆ. ಆ ತಿಂಗಳು ಇದಕ್ಕೆ ಒಳ್ಳೆಯದು. ಚಳಿಗಾಲಕ್ಕೆ ಬಂದವು ಇನ್ನೂ ಹೊರಟಿರುವುದಿಲ್ಲ. ಇಲ್ಲಿಯವು ಗೂಡಿನ ಯೋಚನೆಯಲ್ಲಿರುತ್ತವೆ. ಕೋಗಿಲೆಗೆ ದನಿ ಬಂದಿರುತ್ತದೆ. ಮುತ್ತುಗ ಹೂ ಬಿಟ್ಟಿರುತ್ತದೆ. ಎಲೆ ಉದುರಿದ ಮರಗಳಲ್ಲಿ ಹಕ್ಕಿ ಬಚ್ಚಿಟ್ಟುಕೊಳ್ಳುವುದು ಕಷ್ಟ. ಹೊಸದಾಗಿ ನೋಡಲು ಕಲಿಯುವವರಿಗೆ ಇಷ್ಟು ಅನುಕೂಲ ಬೇಕೇ ಬೇಕು.

ಮುಖ್ಯೋಪಾಧ್ಯಾಯರು ಒಪ್ಪಿದರು. ನೀರಿನ ಅಂಚಿಗೆ ಒಬ್ಬ ಮಗುವೂ ಇಳಿಯಬಾರದು, ಎಂಟಕ್ಕೆ ಬೆಳಗಿನ ಶಾಲೆಯ ಗಂಟೆಗೆ ಎಲ್ಲರೂ ಒಳಗಿರಬೇಕು ಎಂಬ ಎರಡು ಷರತ್ತು. ಪೋಷಕರ ಒಪ್ಪಿಗೆ ಪತ್ರವೂ ಬಂತು. ನಾನು ಯೋಚಿಸದೇ ಇದ್ದದ್ದು ಡೈರಿಯನ್ನು. ಬೆಳಿಗ್ಗೆ ಆರರಿಂದ ಏಳರೊಳಗೆ ಅರ್ಧಕ್ಕರ್ಧ ಮಕ್ಕಳು ಹಾಲಿನ ಕ್ಯಾನು ಹಿಡಿದು ಡೈರಿಯ ಮುಂದೆ ನಿಂತಿರುತ್ತಾರೆ. “ಕರೆಯೋದು ನಾನು, ಹಾಕೋದು ಅವ್ನು. ಹಕ್ಕಿ ನೋಡ್ತಾ ಕೂತ್ರೆ ಹಾಲ್ ಯಾರ್ ಹಾಕಾರು ಮೇಡಮ್ಮೋರೆ?” ಎಂದು ಒಬ್ಬ ತಾಯಿ ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಡಿಗೆಯನ್ನು ಆರೂಮುಕ್ಕಾಲಿಗೆ ಇಟ್ಟುಕೊಂಡು, ಡೈರಿಯಿಂದ ನೇರವಾಗಿ ಕ್ಯಾನಿನ ಸಮೇತ ಬರಬಹುದು ಎಂದೆವು. ಹಾಗಾಗಿ ನಮ್ಮ ನಡಿಗೆಯಲ್ಲಿ ಯಾವಾಗಲೂ ಖಾಲಿ ಕ್ಯಾನುಗಳ ಸದ್ದು ಇರುತ್ತಿತ್ತು. ಹಕ್ಕಿ ವೀಕ್ಷಣೆಯ ಪುಸ್ತಕಗಳು ಮೌನವಾಗಿರಿ ಎನ್ನುತ್ತವೆ. ಕೆರೆಯ ಹಕ್ಕಿಗಳು ಕ್ಯಾನಿನ ಸದ್ದಿಗೆ ಯಾವಾಗಲೋ ಒಗ್ಗಿಕೊಂಡಿದ್ದವು. ಬಣ್ಣದ ಬಟ್ಟೆ ಹಾಕಿಕೊಂಡು ಕೈ ಎತ್ತಿ ತೋರಿಸುತ್ತಿದ್ದ ನನಗೇ ಹೆಚ್ಚು ಹೆದರುತ್ತಿದ್ದವು.

ಈ ವಿಷಯದಲ್ಲಿ ನನ್ನ ಬಂಡವಾಳ ಎಷ್ಟೆಂದು ಹೇಳಿಬಿಡಬೇಕು. ಬಿ.ಎಸ್ಸಿ. ಓದುವಾಗ ಒಮ್ಮೆ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಹೊಸಬರಿಗಾಗಿ ನಡೆಯುವ ಹಕ್ಕಿ ನಡಿಗೆಗೆ ಹೋಗಿದ್ದೆ. ಜೋಸೆಫ್ ಜಾರ್ಜ್ ಮತ್ತು ಅವರ ಗೆಳೆಯರು 1970ರ ದಶಕದ ಆರಂಭದಲ್ಲಿ ಶುರುಮಾಡಿದ ಪಕ್ಷಿವೀಕ್ಷಕರ ಕ್ಲಬ್ಬು ತಿಂಗಳ ಎರಡನೇ ಭಾನುವಾರ ನಡೆಸಿಕೊಂಡು ಬಂದಿರುವ ನಡಿಗೆ ಅದು. ಅಂದು ಕರೆದುಕೊಂಡು ಹೋದ ಹಿರಿಯರು ಒಂದು ಗೊರವಂಕದ ಮುಂದೆ ನಮ್ಮನ್ನು ತುಂಬ ಹೊತ್ತು ನಿಲ್ಲಿಸಿದ್ದರು. ಗೊರವಂಕ ನೋಡಲು ಬಸ್ಸು ಹತ್ತಿ ಇಷ್ಟು ದೂರ ಬರಬೇಕಿತ್ತೇ ಎಂದು ನಾನು ಒಳಗೊಳಗೇ ಸಿಡುಕಿಕೊಂಡಿದ್ದೆ. ಇನ್ನೊಂದು, ಕಾಲೇಜಿನಿಂದ ರಂಗನತಿಟ್ಟಿಗೆ ಹೋದ ಪ್ರವಾಸ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವಾದ ಆ ಜಾಗ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿ ದೋಣಿಯವರು ಹುಟ್ಟು ಹಾಕುತ್ತಲೇ ಹೆಸರು ಹೇಳುತ್ತಾ ಹೋಗುತ್ತಾರೆ: ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ನೀರುಕಾಗೆ, ಹೆಜ್ಜಾರ್ಲೆ, ಅಗೋ ಬಂಡೆ ಮೇಲೆ ಮೊಸಳೆ. ನಾವು ಫೋಟೊ ತೆಗೆಯುತ್ತಾ ಹೋಗುತ್ತೇವೆ. ಅವರ ಕೈಯಲ್ಲಿರುವುದು ಸ್ವಲ್ಪವೇ ಹೊತ್ತು, ದಡದಲ್ಲಿ ಮುಂದಿನ ತಂಡ ಕಾಯುತ್ತಿರುತ್ತದೆ; ಅವರು ಮಾಡುವುದು ಸರಿಯಾಗಿಯೇ ಇದೆ. ತಪ್ಪಿದ್ದು ನಾನು. ಎರಡು ಮಾದರಿ ಕಂಡಿದ್ದವಳು ಯೋಚಿಸದೆ ದೋಣಿಯದನ್ನು ಹಿಡಿದುಕೊಂಡೆ.

ಮೊದಲ ಶನಿವಾರ ಇಪ್ಪತ್ನಾಲ್ಕು ಮಕ್ಕಳು, ಕಾಲೇಜಿನಿಂದ ಎರವಲು ತಂದ ಎರಡು ಬೈನಾಕ್ಯುಲರ್. ಏರಿಯ ತುದಿಯ ಆಲದ ಮರದಿಂದ ತೂಬಿನವರೆಗೆ ಹೋಗಿ ಬಂದೆವು. ನಾನು ಬೆರಳು ತೋರಿಸಿ ಹೆಸರು ಹೇಳಿದೆ, ಅವರು ಬರೆದುಕೊಂಡರು. ನಾಮಕೋಳಿ, ಗುಳುಮುಳುಕ, ಕೊಳದ ಬಕ, ಬೆಳ್ಳಕ್ಕಿ, ಮೆಟ್ಟುಗಾಲು ಹಕ್ಕಿ, ಗದ್ದೆಗೊರವ, ಸಿಪಿಲೆ, ಕಾಜಾಣ, ಕಳ್ಳಿಪೀರ... ಒಟ್ಟು ಹತ್ತೊಂಬತ್ತು. ಶಾಲೆಗೆ ಬಂದು ಫಲಕದ ಮೇಲೆ ‘19’ ಎಂದು ದೊಡ್ಡದಾಗಿ ಬರೆದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೂ ಹೆಮ್ಮೆಯಾಗಿತ್ತು.

ಎರಡನೇ ಶನಿವಾರ ನಮ್ಮ ಕಾಲೇಜಿನಿಂದ ಉಪನ್ಯಾಸಕರು ವೀಕ್ಷಣೆಗೆ ಬಂದರು. ಹೊರಾಂಗಣ ಪಾಠಕ್ಕೆ ಅಂಕ ಹಾಕುವ ದಿನ ಅದು.

ಆಲದ ಮರದಲ್ಲಿ ಹಣ್ಣು ಕೆಂಪಾಗಿತ್ತು. ಒಳಗಿನ ಕೊಂಬೆಯಲ್ಲಿ ಒಂದು ದೊಡ್ಡ ಹಕ್ಕಿ ಕೂತಿತ್ತು. ಕಂದು ಮೈ, ತುಂಬಾ ಬಿಳಿ ಚುಕ್ಕೆ, ಬಾಲದ ಮೇಲೆ ಅಡ್ಡಪಟ್ಟೆ, ರಕ್ತದಂತೆ ಕೆಂಪು ಕಣ್ಣು. ಹಿಂದಿನ ರಾತ್ರಿ ಬೇಟೆ ಹಕ್ಕಿಗಳ ಚಿತ್ರ ನೋಡಿ ಸಿದ್ಧವಾಗಿ ಬಂದಿದ್ದೆ. ಶಿಕ್ರದ ಮೈಯಲ್ಲಿ ಪಟ್ಟೆ ಇರುತ್ತದೆ, ಕಣ್ಣು ಕೆಂಪು. “ನೋಡಿ, ಇದು ಬಿಜ್ಜು. ಶಿಕ್ರ ಅಂತಲೂ ಕರೀತಾರೆ. ಮಾಂಸಾಹಾರಿ” ಎಂದೆ. ಆಹಾರ ಸರಪಳಿಗೆ ಪಾಠ ಹೊರಳಿಸಲು ಒಳ್ಳೆಯ ಜಾಗ ಸಿಕ್ಕಿತು ಎಂದು ಖುಷಿಯಾಯಿತು.

ಹಿಂದೆ ಕ್ಯಾನು ಹಿಡಿದು ನಿಂತಿದ್ದ ಒಬ್ಬ ಹುಡುಗ, “ಅದು ಕೋಗಿಲೆ ಮಿಸ್. ಹೆಣ್ಣು” ಎಂದ.

ಎಲ್ಲರೂ ನಕ್ಕರು. ಕೋಗಿಲೆ ಕಪ್ಪು ಎಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತಲ್ಲ. ನಾನೂ ನಗುತ್ತಲೇ, “ಕೋಗಿಲೆ ಕಪ್ಪಲ್ವೇನೋ?” ಎಂದೆ. ಅವನು ಬಿಡಲಿಲ್ಲ. “ಹಣ್ಣು ತಿಂತಾ ಐತೆ ನೋಡಿ. ಬಿಜ್ಜು ಹಣ್ಣು ತಿಂತದಾ ಮಿಸ್?”

ನಾನು ಮರ ನೋಡಿದೆ. ಅದು ನಿಜವಾಗಿಯೂ ಹಣ್ಣು ಕೀಳುತ್ತಿತ್ತು. ಅಥವಾ ಕೀಳುತ್ತಿರುವಂತೆ ಕಂಡಿತು. ಪೂರ್ತಿ ನೋಡುವ ವ್ಯವಧಾನ ನನಗಿರಲಿಲ್ಲ. ಉಪನ್ಯಾಸಕರ ಪೆನ್ನು ಕಾಗದದ ಮೇಲೆ ನಿಂತಿತ್ತು. “ಹಣ್ಣಿಗೆ ಸಣ್ಣ ಹಕ್ಕಿಗಳು ಬರ್ತಾವಲ್ಲ, ಅವನ್ನ ಹಿಡಿಯೋಕೆ ಬಿಜ್ಜು ಹಣ್ಣಿನ ಮರದಲ್ಲೇ ಹೊಂಚು ಹಾಕಿ ಕೂತಿರುತ್ತೆ. ಗೊತ್ತಾಯ್ತಾ?” ಎಂದೆ. ಆ ಕ್ಷಣದಲ್ಲಿ ಹುಟ್ಟಿಸಿದ ಉತ್ತರ. ಕೇಳಲು ಎಷ್ಟು ಚೆನ್ನಾಗಿತ್ತೆಂದರೆ ನನಗೇ ನಂಬಿಕೆ ಬಂತು. ಹುಡುಗ ಸುಮ್ಮನಾದ. ನಾವು ಆಹಾರ ಸರಪಳಿಗೆ ಹೋದೆವು.

ಅಂದು ನನಗೆ ಬಂದ ವೀಕ್ಷಣಾ ನಮೂನೆಯಲ್ಲಿ ಹೀಗಿತ್ತು: ‘ವಿದ್ಯಾರ್ಥಿಯ ಪ್ರಶ್ನೆಗೆ ಸಮಯೋಚಿತ ಉತ್ತರ. ತರಗತಿ ನಿಯಂತ್ರಣ ಉತ್ತಮ.’

ಆ ರಾತ್ರಿ ನೋಟ್ಸ್ ಬರೆಯುವಾಗ ಶಿಕ್ರದ ಚಿತ್ರ ಮತ್ತೆ ತೆಗೆದೆ. ಕೊಂಕಿದ ಕೊಕ್ಕು, ಬುಡದಲ್ಲಿ ಹಳದಿ, ಹಳದಿ ಕಾಲು, ಉಗುರು. ಬೆಳಿಗ್ಗೆ ಕಂಡ ಹಕ್ಕಿಯ ಕೊಕ್ಕು ದಪ್ಪಗೆ, ಮಾಸಲು ಹಸಿರಾಗಿತ್ತು. ಕಾಲು ಹೇಗಿತ್ತು? ನೆನಪಿಲ್ಲ, ನೋಡಿಯೇ ಇರಲಿಲ್ಲ. ಕೋಗಿಲೆಯ ಪುಟ ತೆರೆದೆ. ಗಂಡು ಹೊಳೆಯುವ ಕಪ್ಪು. ಹೆಣ್ಣು ಕಂದು, ಮೈತುಂಬಾ ಬಿಳಿ ಚುಕ್ಕೆ, ಬಾಲಕ್ಕೆ ಪಟ್ಟೆ. ಎರಡಕ್ಕೂ ಕೆಂಪು ಕಣ್ಣು. ಮುಖ್ಯ ಆಹಾರ ಹಣ್ಣು. ನಾವು ಕೋಗಿಲೆಯ ಹಾಡು ಎನ್ನುವ ಆ ‘ಕುಹೂ’ ಗಂಡಿನದು. ಹೆಣ್ಣು ಕಿಕ್‌ ಕಿಕ್‌ ಕಿಕ್‌ ಎಂದು ಚೀರುತ್ತದೆ. ಪ್ರಾಣಿಶಾಸ್ತ್ರ ಓದಿ ಬಂದವಳು ನಾನು. ಪರಪುಷ್ಟತೆಗೆ ಕೋಗಿಲೆಯ ಉದಾಹರಣೆಯನ್ನು ಪರೀಕ್ಷೆಯಲ್ಲಿ ಎರಡು ಸಲ ಬರೆದು ಅಂಕ ತೆಗೆದುಕೊಂಡಿದ್ದೇನೆ. ಮೊಟ್ಟೆ ಇಡುವ ಹಕ್ಕಿ ಹೇಗಿರುತ್ತದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಸೋಮವಾರ ಶಾಲೆಗೆ ಹೋದಾಗ ಆ ಹುಡುಗನಿಗೆ ಹೊಸ ಹೆಸರು ಬಂದಿತ್ತು. ಕಾರಿಡಾರಿನಲ್ಲಿ “ಏ ಬಿಜ್ಜು” ಎಂದು ಕೂಗುತ್ತಿದ್ದರು. ಬಿಸಿಯೂಟದ ಸಾಲಿನಲ್ಲಿ “ಬಿಜ್ಜುಗೆ ಬಾಳೆಹಣ್ಣು ಕೊಡ್ರೋ” ಎಂದು ಯಾರೋ ಅಂದರು. ಅವನು ತಿರುಗಿ ಬೈಯಲೂ ಇಲ್ಲ. ನನ್ನ ಪಿರಿಯಡ್ಡಿನಲ್ಲಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಬುಧವಾರದವರೆಗೂ ನಾನು ಏನೂ ಮಾಡಲಿಲ್ಲ. ಯಾಕೆ ಎಂದು ಕೇಳಿದರೆ ಕಾರಣ ಹೇಳಲು ನಾಚಿಕೆ. ಅಂಕಪಟ್ಟಿ ಇನ್ನೂ ಕಾಲೇಜಿಗೆ ತಲುಪಿರಲಿಲ್ಲ.

ಗುರುವಾರ ಬೆಳಿಗ್ಗೆ ಡೈರಿಗೆ ಹೋದೆ. ಅವನು ಹಾಲು ಹಾಕಿ ಚೀಟಿ ಹಿಡಿದು ನಿಂತಿದ್ದ. “ಆ ಹಕ್ಕಿ ಕೋಗಿಲೆನೇ. ನಾನು ಹೇಳಿದ್ದು ತಪ್ಪು” ಎಂದೆ.

“ಗೊತ್ತು ಮಿಸ್” ಎಂದ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಅವರ ಹಿತ್ತಲಿನ ಬೇವಿನ ಮರದಲ್ಲಿ ವರ್ಷಾವರ್ಷ ಕಾಗೆ ಗೂಡು ಕಟ್ಟುತ್ತದಂತೆ. “ಕರೀದು ಮುಂದ್ ಹೋಗಿ ಕೂಗ್ತದೆ. ಕಾಗೆ ಅದನ್ನ ಅಟ್ಟಿಸ್ಕೊಂಡ್ ಹೋಯ್ತದೆ. ಆಗ ಚುಕ್ಕೇದು ಗೂಡ್ ತಾವಿಕ್ ಬತ್ತದೆ.” ಪುಸ್ತಕದಲ್ಲಿ ಅರ್ಧ ಪುಟ ಇರುವ ವಿಷಯ. ನಾನು ಮೆಚ್ಚಿ ಏನೋ ಹೇಳಲು ಹೋದೆ. ಅವನು ಕ್ಯಾನಿನ ಮುಚ್ಚಳ ತಿರುವುತ್ತಾ, “ಎಲ್ರು ಮುಂದೆ ಹೇಳ್ತೀರಾ ಮಿಸ್?” ಎಂದ.

ಅಲ್ಲಿಯವರೆಗೆ ಆ ಯೋಚನೆಯನ್ನೇ ನಾನು ಮಾಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಾಡಿದ್ದೆ, ಬೇಡ ಎಂದುಕೊಂಡಿದ್ದೆ. ಪ್ರಶಿಕ್ಷಣಾರ್ಥಿಗೆ ತರಗತಿಯಲ್ಲಿ ಇರುವುದೇ ಎರವಲು ಗೌರವ. ಅದನ್ನೂ ಕಳೆದುಕೊಂಡರೆ ಉಳಿದ ಪಾಠಗಳ ಗತಿ ಏನು ಎಂಬ ಭಯ. ನಾವು ಸೂಕ್ಷ್ಮಬೋಧನೆಯಲ್ಲಿ ಪ್ರಶ್ನಿಸುವ ಕೌಶಲ, ಪುನರ್ಬಲನ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ ಅಭ್ಯಾಸ ಮಾಡುತ್ತೇವೆ. ಪಾಠಯೋಜನೆಯಲ್ಲಿ ಶಿಕ್ಷಕರ ಚಟುವಟಿಕೆಯ ಎದುರಿಗೆ ‘ನಿರೀಕ್ಷಿತ ಉತ್ತರ’ ಬರೆಯುತ್ತೇವೆ. ನಿರೀಕ್ಷೆ ಇಲ್ಲದ ಉತ್ತರ ಬಂದು, ಅದೇ ಸರಿ ಇದ್ದಾಗ ಏನು ಮಾಡಬೇಕು ಎಂಬುದಕ್ಕೆ ನನ್ನ ನಮೂನೆಯಲ್ಲಿ ಕಾಲಂ ಇರಲಿಲ್ಲ.

ಶುಕ್ರವಾರದ ತರಗತಿಯಲ್ಲಿ ಹೇಳಿದೆ. ಎರಡೂ ಚಿತ್ರಗಳನ್ನು ಗೋಡೆಗೆ ಅಂಟಿಸಿ, ಶನಿವಾರ ನಾನು ತೋರಿಸಿದ್ದು ಹೆಣ್ಣು ಕೋಗಿಲೆ, ಬಿಜ್ಜು ಅಲ್ಲ, ಇವನು ಹೇಳಿದ್ದು ಸರಿ, ನನಗೆ ಗೊತ್ತಿರಲಿಲ್ಲ ಎಂದೆ. ಹಣ್ಣಿನ ಮರದಲ್ಲಿ ಹೊಂಚು ಹಾಕುವ ಕಥೆ ಅಲ್ಲೇ ಕಟ್ಟಿದ್ದು ಎಂದೂ ಹೇಳಿದೆ. ಹೇಳುವಾಗ ಇದೇ ಎಲ್ಲಕ್ಕಿಂತ ಕಷ್ಟವಾಯಿತು. ತಪ್ಪು ಗುರುತಿಸುವುದು ಎಲ್ಲರಿಗೂ ಆಗುತ್ತದೆ; ಸಮರ್ಥನೆ ಹುಟ್ಟಿಸಿದ್ದು ಬೇರೆಯೇ ಜಾತಿಯ ತಪ್ಪು.

ತರಗತಿ ನಿಶ್ಶಬ್ದವಾಗಿತ್ತು. ಯಾರೂ ಮೆಚ್ಚಲಿಲ್ಲ, ಯಾರೂ ನಗಲಿಲ್ಲ. ಆಮೇಲೆ ಮುಂದಿನ ಬೆಂಚಿನ, ಯಾವಾಗಲೂ ಮೊದಲು ಬರೆದು ಮುಗಿಸುವ ಹುಡುಗಿ ಎದ್ದು, “ಹಂಗಾದ್ರೆ ಮಿಕ್ಕಿದ ಹತ್ತೊಂಬತ್ತು ಸರಿನಾ ಮಿಸ್?” ಎಂದಳು. ದನಿಯಲ್ಲಿ ಸಿಟ್ಟಿತ್ತು. ಅಂದವಾಗಿ ಬರೆದು ಗೆರೆ ಹೊಡೆದಿದ್ದ ಪಟ್ಟಿ ಅವಳದು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲವಾದ್ದರಿಂದ ಪಟ್ಟಿಯನ್ನೇ ಫಲಕದ ಮೇಲೆ ಬರೆದು ಒಂದೊಂದನ್ನೇ ವಿಚಾರಣೆಗೆ ತೆಗೆದುಕೊಂಡೆವು. ಇದನ್ನು ನಾನು ಯೋಜಿಸಿರಲಿಲ್ಲ, ಪಿರಿಯಡ್ಡು ಸಾಲದೆ ಮುಂದಿನ ಗಣಿತದ ಅವಧಿಯನ್ನೂ ಬೇಡಿಕೊಂಡೆ. ‘ಯಾರು ಹೇಳಿದ್ದು? ಹೇಗೆ ಗೊತ್ತು?’ ಎಂಬ ಎರಡೇ ಪ್ರಶ್ನೆ. ನೀರುಕಾಗೆ: ನಮ್ಮ ಕಡೆಯ ನೀರಿನಲ್ಲಿ ನೀರುಕಾಗೆ ಒಂದೇ ಬಗೆಯಲ್ಲ, ಚಿಕ್ಕದು ದೊಡ್ಡದು ಇವೆ; ನಾನು ದೂರದ ಕಪ್ಪು ಕತ್ತು ನೋಡಿ ‘ಪುಟ್ಟ ನೀರುಕಾಗೆ’ ಎಂದು ಬರೆಸಿದ್ದೆ. ಬಿತ್ತು. ಗದ್ದೆಗೊರವ: ಅದರಲ್ಲೂ ಮೂರ್ನಾಲ್ಕು ಬಗೆ. ಬಾಲ ಕುಣಿಸುತ್ತಿತ್ತೇ, ಹಾರುವಾಗ ಸೊಂಟ ಬೆಳ್ಳಗಿತ್ತೇ ಎಂದು ನಾನು ನೋಡಿರಲಿಲ್ಲ. ಬಿತ್ತು. ಕೊಳದ ಬಕದ ಬಗ್ಗೆ ಎಲ್ಲರಿಗೂ ಖಾತ್ರಿ ಇತ್ತು. ಕಾಲಿನ ಬಣ್ಣ ಏನು ಎಂದೆ. ಯಾರೂ ಹೇಳಲಿಲ್ಲ, ನಾನೂ ಸೇರಿ. ಇಪ್ಪತ್ತೈದು ಜನ, ಐವತ್ತು ಕಣ್ಣು, ಅರ್ಧ ಫರ್ಲಾಂಗು ದೂರದಲ್ಲಿ ಕಲ್ಲಿನಂತೆ ನಿಂತಿದ್ದ ಹಕ್ಕಿ. ಹೆಸರು ಬರೆದುಕೊಂಡ ಕೂಡಲೇ ಎಲ್ಲರೂ ತಲೆ ತಗ್ಗಿಸಿದ್ದೆವು, ಮುಂದಿನ ಹೆಸರಿಗೆ ಕಾದಿದ್ದೆವು.

ಗೊರವಂಕದ ಮುಂದೆ ನಮ್ಮನ್ನು ನಿಲ್ಲಿಸಿದ್ದ ಲಾಲ್‌ಬಾಗಿನ ಹಿರಿಯರು ಆಗ ನೆನಪಾದರು.

ಮೂರನೇ ಶನಿವಾರಕ್ಕೆ ಹಾಳೆ ಬದಲಾಯಿಸಿದೆವು. ನಾಲ್ಕು ಕಾಲಂ: ಏನು ಕಂಡಿತು, ಏನು ಮಾಡುತ್ತಿತ್ತು, ಹೆಸರು, ಯಾರು ಹೇಳಿದ್ದು ಹಾಗೂ ಹೇಗೆ ಗೊತ್ತು. ಮೊದಲ ಕಾಲು ಗಂಟೆ ಯಾರೂ ಹೆಸರು ಉಚ್ಚರಿಸುವಂತಿಲ್ಲ, ಮಿಸ್ಸೂ. ಇಬ್ಬಿಬ್ಬರಿಗೆ ಒಂದು ಹಕ್ಕಿ. ಕಾಲು ಗಂಟೆ ಎಂಬ ಲೆಕ್ಕ ನಾನು ಕಲಿತದ್ದು ಫೆಬ್ರವರಿಯ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಕ್ಕಿ ಗಣತಿಯಿಂದ. ಭಾರತದವರು 2013ರಿಂದ ಅದರಲ್ಲಿ ಸೇರಿದ್ದಾರೆ. ಒಂದೇ ಜಾಗದಲ್ಲಿ ಕನಿಷ್ಠ ಹದಿನೈದು ನಿಮಿಷ ನೋಡಿ ಎಂದು ಅಲ್ಲಿ ಹೇಳುತ್ತಾರೆ. ಆ ಗಣತಿಯ ಪಟ್ಟಿಗಳು ಸೇರುವ ಇ-ಬರ್ಡ್ ಎಂಬ ದಾಖಲೆಯಲ್ಲಿ ಇನ್ನೊಂದು ಸೌಕರ್ಯ ಇದೆ. ಗದ್ದೆಗೊರವ ಎಂಬಷ್ಟೇ ತಿಳಿದು ಯಾವ ಗದ್ದೆಗೊರವ ಎಂದು ತಿಳಿಯದಿದ್ದರೆ ಅಷ್ಟನ್ನೇ ಬರೆಯಬಹುದು. ಎರಡರಲ್ಲಿ ಒಂದು ಎಂದು ಗೊತ್ತಿದ್ದರೆ ಎರಡನ್ನೂ ಓರೆಗೆರೆ ಹಾಕಿ ಬರೆಯಬಹುದು. ಲಕ್ಷಾಂತರ ಜನ ತುಂಬುವ ದಾಖಲೆಯಲ್ಲಿ ‘ಇಷ್ಟೇ ಗೊತ್ತು’ ಎನ್ನುವುದಕ್ಕೆ ಜಾಗ ಇಟ್ಟಿದ್ದಾರೆ. ಇದನ್ನು ಹೇಳಿದಾಗ ಮಕ್ಕಳಿಗಿಂತ ನನಗೇ ಹೆಚ್ಚು ಸಮಾಧಾನವಾಯಿತು.

ಆ ದಿನ ಬಂದ ಹಾಳೆಗಳನ್ನು ನಾನು ಇಟ್ಟುಕೊಂಡಿದ್ದೇನೆ. ‘ಕೂತರೆ ಮಣ್ಣು ಬಣ್ಣ, ಹಾರಿದರೆ ಪೂರ್ತಿ ಬಿಳಿ. ರೆಕ್ಕೆ ಮುಚ್ಚಿದರೆ ಬಿಳಿ ಎಲ್ಲಿ ಹೋಗುತ್ತೆ?’ ಇದು ಕೊಳದ ಬಕ. ‘ಕಪ್ಪು, ಹಣೆ ಬಿಳಿ. ನೀರಿನ ಮೇಲೆ ಓಡಿ ಓಡಿ ಆಮೇಲೆ ಹಾರುತ್ತೆ, ಬಸ್ ಹಿಡಿಯೋರ ಥರ.’ ಇದು ನಾಮಕೋಳಿ. ಗುಳುಮುಳುಕ ಮುಳುಗಿದ ಮೇಲೆ ಎಷ್ಟು ಎಣಿಸುವಷ್ಟರಲ್ಲಿ ಏಳುತ್ತದೆ ಎಂದು ಇಬ್ಬರು ಎಣಿಸಿದರು. ಒಂದು ಸಲ ಹನ್ನೆರಡು, ಒಂದು ಸಲ ಇಪ್ಪತ್ತು, ಪ್ರತಿ ಸಲ ಅವರು ಎಣಿಸದ ಕಡೆಯಿಂದ ಎದ್ದು ಬಂತು. ಕಾಲಿನ ಬಣ್ಣವನ್ನು ಯಾರೂ ಮರೆತಿರಲಿಲ್ಲ. ಕೊಳದ ಬಕದ್ದು ಮಾಸಲು ಹಳದಿ-ಹಸಿರು.

ಒಟ್ಟು ಹಕ್ಕಿಗಳು ಅಂದು ಏಳೇ. ಫಲಕದ ಮೇಲೆ ‘7’ ಎಂದು ಬರೆದಾಗ ಚಪ್ಪಾಳೆ ಬರಲಿಲ್ಲ. ಕೆಲವರಿಗೆ ನಿರಾಸೆಯೇ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. “ಹೋದ್ ಸಲಾನೇ ಚೆನ್ನಾಗಿತ್ತು” ಎಂದ ಒಬ್ಬ. ಪಟ್ಟಿ ಬೆಳೆಸುವ ಸಂತೋಷವೂ ನಿಜವಾದದ್ದು. ಹೆಸರೇ ಬೇಡ ಎಂದು ನಾನು ಹೇಳುತ್ತಿಲ್ಲ. ಹೆಸರಿಲ್ಲದೆ ಪುಸ್ತಕದಲ್ಲಿ ಹುಡುಕುವುದು ಹೇಗೆ? ಎಷ್ಟು ಹೊತ್ತಿಗೆ ಕೊಡಬೇಕು ಎಂಬುದು ಮಾತ್ರ ನನ್ನ ಪ್ರಶ್ನೆ, ಮತ್ತು ಅದು ಮಗುವಿನಿಂದ ಮಗುವಿಗೆ ಬೇರೆ. ಮುಂದಿನ ಬೆಂಚಿನ ಹುಡುಗಿಗೆ ಹೆಸರು ಬೇಗ ಕೊಟ್ಟರೆ ಅವಳು ಅದನ್ನು ಹಿಡಿದು ಮನೆಯಲ್ಲಿ ಇನ್ನಷ್ಟು ಓದಿ ಬರುತ್ತಾಳೆ. ಕೆಲವರಿಗೆ ಹೆಸರು ಸಿಕ್ಕಿದ ಕೂಡಲೇ ಹಕ್ಕಿ ಮುಗಿದುಹೋಗುತ್ತದೆ. ನಾನು ಎರಡನೇ ಗುಂಪಿನವಳು ಎಂದು ಈಗ ಗೊತ್ತಾಗಿದೆ.

ಆ ಹುಡುಗ ಮೂರನೇ ನಡಿಗೆಗೆ ಬರಲಿಲ್ಲ.

ನಾಲ್ಕನೆಯದಕ್ಕೆ ಬಂದ, ಸ್ವಲ್ಪ ತಡವಾಗಿ, ಕ್ಯಾನಿನ ಜೊತೆ. ಮಾರ್ಚ್ ಎರಡನೇ ವಾರ. ನೀರು ಹಿಂದೆ ಸರಿದು ಕೆರೆಯಂಗಳ ಒಣಗಿ ಬಿರುಕು ಬಿಟ್ಟಿತ್ತು. ಆಲದ ಮರದ ತುಂಬಾ ಗುಲಾಬಿ ಕಬ್ಬಕ್ಕಿಗಳು ಗದ್ದಲ ಮಾಡುತ್ತಿದ್ದವು. ಅವು ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಮಿಡತೆ ಎದ್ದೇಳುವ ಕಾಲಕ್ಕೆ ಸರಿಯಾಗಿ ಮರಿ ಮಾಡುವ ಹಕ್ಕಿಗಳು, ಇನ್ನೇನು ಹೊರಡುತ್ತವೆ ಎಂದು ಹೇಳುತ್ತಿದ್ದೆ. ಈ ಸಲ ‘ಹೇಗೆ ಗೊತ್ತು’ ಕಾಲಮಿನಲ್ಲಿ ‘ಮಿಸ್ ಪುಸ್ತಕದಲ್ಲಿ ಓದಿದ್ದು’ ಎಂದು ಅವರೇ ಬರೆದುಕೊಂಡರು. ಕೆರೆಯಂಗಳದ ಕಡೆಯಿಂದ ಒಂದು ಟಿಟ್ಟಿಭ ಕಿರುಚುತ್ತಾ ನಮ್ಮ ತಲೆಯ ಮೇಲೆ ಹಾದುಹೋಯಿತು. ಮತ್ತೆ ಬಂತು. ಮತ್ತೆ. ಪಂಚತಂತ್ರದಲ್ಲಿ ಮೊಟ್ಟೆಗಾಗಿ ಸಮುದ್ರದ ಮೇಲೆ ಜಗಳಕ್ಕೆ ಹೋದ ಹಕ್ಕಿ ಇದೇ ಎಂದು ಹೇಳಲು ಬಾಯಿ ತೆರೆದಿದ್ದೆ.

“ಇಲ್ಲಿಂದ ವಾಪಸ್ ಹೋಗನ ಮಿಸ್. ಮೊಟ್ಟೆ ಇಟ್ಟೈತೆ” ಎಂದ ಹುಡುಗ.

ಎಲ್ಲಿ, ಎಲ್ಲಿ ಎಂದು ಎಲ್ಲರೂ ಮುಂದೆ ನುಗ್ಗಿದರು. ಟಿಟ್ಟಿಭ ಗೂಡು ಕಟ್ಟುವುದಿಲ್ಲ. ಬರೀ ನೆಲದ ಮೇಲೆ, ಕಲ್ಲಿನ ಬಣ್ಣದ ಮೊಟ್ಟೆ ಇಡುತ್ತದೆ. ಕಾಲಿಟ್ಟ ಮೇಲೆಯೇ ಕಾಣುವುದು. ನನಗೂ ನೋಡುವ ಆಸೆ ಇತ್ತು. ಒಂದು ಫೋಟೊ ಸಿಕ್ಕಿದ್ದರೆ ಇದೇ ಸಂಚಿಕೆಗೆ ಕಳಿಸಬಹುದಿತ್ತು ಎಂಬ ಲೆಕ್ಕವೂ ಮನಸ್ಸಿನಲ್ಲಿ ಹಾದುಹೋಯಿತು. ಹುಡುಗ ಕ್ಯಾನನ್ನು ಅಡ್ಡ ಹಿಡಿದು ನಿಂತಿದ್ದ. “ನಾವು ಇಲ್ಲಿದ್ದಷ್ಟು ಹೊತ್ತು ಅದು ಮೊಟ್ಟೆ ಮೇಲೆ ಕೂರಕಿಲ್ಲ. ಬಿಸ್ಲು ಏರ್ತದೆ” ಎಂದ. ನಾನು ಎಲ್ಲರನ್ನೂ ಏರಿಯ ಮೇಲಕ್ಕೆ ಹತ್ತಿಸಿದೆ. ಮೇಲಿನಿಂದ ಬೈನಾಕ್ಯುಲರಿನಲ್ಲಿ ನೋಡಿದೆವು. ಹಕ್ಕಿ ಸ್ವಲ್ಪ ದೂರದಲ್ಲಿ ಇಳಿದು, ಏನೂ ಇಲ್ಲವೆಂಬಂತೆ ಅತ್ತಿತ್ತ ಓಡಾಡಿ, ಎಂಟು ನಿಮಿಷದ ಮೇಲೆ ಒಂದು ಜಾಗದಲ್ಲಿ ಕೂತಿತು. ಮೊಟ್ಟೆ ಯಾರಿಗೂ ಕಾಣಲಿಲ್ಲ. ಗಂಟೆ ಹೊಡೆದದ್ದು ಕೇಳಿ ಓಡಿದೆವು. ಅಂದು ಮುಖ್ಯೋಪಾಧ್ಯಾಯರ ಎರಡನೇ ಷರತ್ತು ಮುರಿದೆವು.

ಇದೆಲ್ಲವನ್ನೂ ನನ್ನ ಪ್ರತಿಫಲನ ದಿನಚರಿಯಲ್ಲಿ ಬರೆದು ಉಪನ್ಯಾಸಕರಿಗೆ ಒಪ್ಪಿಸಿದೆ. ಅಂಕ ಆಗಲೇ ದಾಖಲಾಗಿತ್ತು, ಬದಲಾಯಿಸಲು ಬರುವುದಿಲ್ಲ ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಹಕ್ಕಿ ಹಣ್ಣು ತಿಂತಿದ್ದದ್ದನ್ನ ನಾನೂ ನೋಡ್ದೆ ಕಣಮ್ಮ. ನಿಮ್ಮ ಉತ್ತರ ಚೆನ್ನಾಗಿತ್ತು ಅಂತ ಬರೆದೆ” ಎಂದು ನಕ್ಕರು. ಆ ನಗುವಿನಲ್ಲಿ ನನಗಿದ್ದಷ್ಟೇ ಮುಜುಗರ ಇತ್ತು. ಆ ವಾರದ ಕೊನೆಗೆ ನಮ್ಮ ತಂಡದ ವೀಕ್ಷಣಾ ಚರ್ಚೆಯಲ್ಲಿ ಅವರೇ ಈ ಪ್ರಸಂಗವನ್ನು ಎತ್ತಿದರು. ಒಬ್ಬ ಸಹಪಾಠಿ, ಮಗು ಹೇಳಿದ್ದು ಸರಿಯೋ ತಪ್ಪೋ ಅಲ್ಲಿಯೇ ಗೊತ್ತಾಗದಿದ್ದರೆ ಏನು ಮಾಡಬೇಕಿತ್ತು ಎಂದು ಕೇಳಿದ. ಎರಡು ಹೆಸರನ್ನೂ ಬರೆದು, ಇಬ್ಬರ ಕಾರಣವನ್ನೂ ಎದುರಿಗೆ ಬರೆದು, ಮರದ ಕೆಳಗೆ ಇನ್ನೂ ಐದು ನಿಮಿಷ ನಿಲ್ಲಬಹುದಿತ್ತು ಎಂದೆ. ಐದು ನಿಮಿಷ ನಿಂತಿದ್ದರೆ ಅದು ಕಿಕ್‌ ಕಿಕ್‌ ಎನ್ನುತ್ತಿತ್ತೋ ಏನೋ.

ಅಡ್ಡಹೆಸರು ಹೋಗಲಿಲ್ಲ. ನಾನು ಶಾಲೆ ಬಿಡುವ ದಿನವೂ ಅವನನ್ನು ಬಿಜ್ಜು ಎಂದೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಮುಂಚಿನ ಚುಚ್ಚು ಅದರಲ್ಲಿ ಉಳಿದಿದೆಯೇ ಎಂದು ಹೊರಗಿನವಳಾದ ನನಗೆ ತಿಳಿಯಲಿಲ್ಲ. ಈ ವರ್ಷ ಕಾಗೆ ಯಾವಾಗ ಗೂಡು ಶುರುಮಾಡುತ್ತದೆ, ಚುಕ್ಕೆಯದು ಯಾವ ದಿನ ಬರುತ್ತದೆ ಎಂದು ಬರೆದಿಡುತ್ತೀಯಾ ಎಂದು ಕೇಳಿದೆ. ನೋಟ್‌ಬುಕ್ ಮುಗಿದಿದೆ ಎಂದ. ನನ್ನ ಪಾಠಯೋಜನೆಯ ಪುಸ್ತಕದ ಕೊನೆಯಲ್ಲಿ ಹನ್ನೊಂದು ಹಾಳೆ ಉಳಿದಿದ್ದವು. ಹರಿದು ಪಿನ್ನು ಹೊಡೆದು ಕೊಟ್ಟೆ. ಮೊದಲ ಹಾಳೆಯಲ್ಲಿ ಅವನು ನಾಲ್ಕು ಕಾಲಂ ಗೆರೆ ಎಳೆದ, ಮೂರನೆಯದನ್ನು ಕಿರಿದು ಮಾಡಿ.